ಐಸಿಗೆ ಬರುತ್ತಿದ್ದ ಡಾಕ್ಟರು

ಹೋದ ಸೋಮವಾರ ಬೆಳಿಗ್ಗೆ ಹರಿಹರದಿಂದ ಫೋನು ಬಂತು. ಡಾಕ್ಟರು ತೀರಿಕೊಂಡಿದ್ದರು. ಮಧ್ಯಾಹ್ನ ಮಣ್ಣಿಗೆ ಹೋದೆ. ಜನ ಬಹಳ ಸೇರಿದ್ದರು, ಹೆಚ್ಚಿನವರು ಅವರ ಕೈಯಲ್ಲಿ ಓದಿ ಡಾಕ್ಟರಾದವರು. ಇಬ್ಬರು ಎದ್ದುನಿಂತು ನಾಲ್ಕು ಮಾತಾಡಿದರು. ಶಿಸ್ತಿನ ಮನುಷ್ಯ, ಎಷ್ಟೋ ವರ್ಷ ಪಾಠ ಹೇಳಿದರು, ಒಂದು ದಿನವೂ ಕ್ಲಾಸು ತಪ್ಪಿಸಲಿಲ್ಲ ಎಂದರು. ಎಲ್ಲ ನಿಜವೇ. ಆದರೆ ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬಂತು. ಯಾರೋ ಬೇರೆಯವರ ಮಣ್ಣಿಗೆ ಬಂದುಬಿಟ್ಟಿದ್ದೇನೆ ಅನ್ನಿಸಿತು. ನನಗೆ ಗೊತ್ತಿದ್ದ ಡಾಕ್ಟರು ಕುರಿಯ ಮೂತ್ರಪಿಂಡವನ್ನು ಐಸಿನಲ್ಲಿಟ್ಟುಕೊಂಡು ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಬರುತ್ತಿದ್ದ ಮನುಷ್ಯ. ಆ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಅದಕ್ಕೇ ನಾನು ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಅದರ ಮುಂದೆ ಡಿಗ್ರಿ ಬರೆಯಬೇಕು, ಹುಟ್ಟಿದ ಊರು, ಮನೆತನ ಎಲ್ಲ ಬರೆಯಬೇಕು. ನನಗೆ ಅಷ್ಟೆಲ್ಲ ತಿಳಿಯದು. ನಾನು ಐಸ್ ಮಾರಿ ಬದುಕಿದವನು. ಅವರು ನನಗೆ ಗಿರಾಕಿ, ಆಮೇಲೆ ಗೆಳೆಯ.

ಅರವತ್ತರ ದಶಕದ ಕೊನೆಯ ವರ್ಷಗಳು. ದಾವಣಗೆರೆಯಲ್ಲಿ ನಮ್ಮ ಸೋದರಮಾವನ ಐಸ್ ಫ್ಯಾಕ್ಟರಿಯನ್ನು ನಾನು ನೋಡಿಕೊಳ್ಳುತ್ತಿದ್ದೆ. ಊರಿಗೆ ಆಗ ತಾನೇ ವೈದ್ಯಕೀಯ ಕಾಲೇಜು ಬಂದಿತ್ತು. ನಮ್ಮ ಗಿರಾಕಿಗಳೆಂದರೆ ಸೋಡಾ ಅಂಗಡಿಯವರು, ಐಸ್ ಕ್ಯಾಂಡಿಯವರು, ಮೀನಿನವರು, ಬೇಸಿಗೆ ಬಂದರೆ ಮದುವೆ ಮನೆಯವರು. ಒಂದು ಸಂಜೆ ಮೂವತ್ತರ ಆಸುಪಾಸಿನ ಒಬ್ಬರು ಒಳಗೆ ಬಂದರು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮುಚ್ಚಳವಿದ್ದ ದೊಡ್ಡ ತಗಡಿನ ಡಬ್ಬಿ. ಐಸನ್ನು ಸಣ್ಣಗೆ ಒಡೆದು ಡಬ್ಬಿ ತುಂಬ ಕೊಡಿ, ಹೊಟ್ಟು ಗಿಟ್ಟು ಇರಬಾರದು ಎಂದರು. ಮದುವೆ ಮನೆಯ ಶರಬತ್ತಿಗೆ ಇರಬೇಕು ಅಂದುಕೊಂಡು ಕೇಳಿದೆ. ಅವರು ಕನ್ನಡಕ ಮೇಲಕ್ಕೆ ಏರಿಸಿಕೊಂಡು, ಅಲ್ಲ, ಮೂತ್ರಪಿಂಡಕ್ಕೆ ಅಂದರು.

ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಅಂತ ಮುಖ ನೋಡಿದೆ. ಆ ಮುಖಕ್ಕೆ ತಮಾಷೆ ಬರುತ್ತಲೇ ಇರಲಿಲ್ಲ. ಅಲ್ಲಿದ್ದ ಮರದ ಹೊಟ್ಟಿನ ಚೀಲದ ಮೇಲೆ ಕೂತು, ‘ಯಾಕಂದ್ರೆ’ ಎಂದು ಶುರುಮಾಡಿದರು. ಅದು ಅವರ ಮಾತಿನ ಚಾಳಿ. ‘ಯಾಕಂದ್ರೆ’ ಅನ್ನದೆ ಅವರು ಯಾರ ಹತ್ತಿರವೂ ಏನನ್ನೂ ಕೇಳುತ್ತಿರಲಿಲ್ಲ, ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಮನುಷ್ಯ ಸತ್ತ ಕೂಡಲೆ ಅವನ ಮೂತ್ರಪಿಂಡ ಸಾಯುವುದಿಲ್ಲವಂತೆ. ರಕ್ತ ನಿಂತರೆ ಅದಕ್ಕೆ ಹಸಿವಾಗುತ್ತದೆ. ಬೆಚ್ಚಗಿದ್ದರೆ ಹಸಿವು ಜೋರು, ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತದೆ. ಒಳಗಿನ ರಕ್ತ ತೊಳೆದು ತಣ್ಣಗೆ ಇಟ್ಟರೆ ಹಸಿವು ಕಡಿಮೆ, ಕೆಲವು ತಾಸು ತಡೆದುಕೊಳ್ಳುತ್ತದೆ. ಅಷ್ಟರಲ್ಲಿ ಅದನ್ನು ಬೇರೆಯವರ ಹೊಟ್ಟೆಗೆ ಕಸಿ ಮಾಡಿದರೆ ಅವರು ಬದುಕಬಹುದು. ದೂರದ ದೇಶಗಳಲ್ಲಿ ಇದನ್ನು ಮಾಡುತ್ತಿದ್ದಾರೆ, ನಮ್ಮಲ್ಲೂ ಒಂದು ದಿನ ಬರುತ್ತದೆ ಅಂದರು.

“ಒಬ್ರು ಹರಿಹರದಾಗೆ ಸಾಯ್ತಿರ್ತಾರೆ, ಇನ್ನೊಬ್ರು ದಾವಣಗೆರೆಯಾಗೆ ಕಾಯ್ತಿರ್ತಾರೆ ಅಂತ ಇಟ್ಕೊಳ್ರಿ. ನಡುವೆ ದಾರಿ ಐತೆ. ಆ ದಾರಿ ದಾಟೋ ತನಕ ಅದನ್ನ ಜೀವಂತ ಇಡಬೇಕು. ನಾನು ನೋಡ್ತಿರೋದು ಅಷ್ಟೇ.”

ನಾನು ಐಸ್ ಒಡೆಸಿ ಕೊಟ್ಟೆ. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು, ಡಾಕ್ಟರಿಗೆ ತಲೆ ಸರಿ ಇದೆಯಾ ಅಂದಳು. ಇಲ್ಲ ಅಂತ ನಾನೂ ಒಪ್ಪಿಕೊಂಡೆ.

ವಾರಕ್ಕೆ ಮೂರು ನಾಲ್ಕು ದಿನ ಕುರಿಯ ಮೂತ್ರಪಿಂಡದ ಮೇಲೆ ಈ ಪ್ರಯೋಗ ನಡೆಯುತ್ತಿತ್ತು. ಅವರ ಮನೆ ಹರಿಹರದಲ್ಲಿ, ಕೆಲಸ ದಾವಣಗೆರೆಯ ಕಾಲೇಜಿನಲ್ಲಿ. ಸಂಜೆ ಐಸ್ ತುಂಬಿಸಿಕೊಂಡು ಹೋಗಿ ಡಬ್ಬಿಗೆ ಗೋಣಿತಾಟು ಸುತ್ತಿ ಇಡುತ್ತಿದ್ದರು. ಬೆಳಕು ಹರಿಯುತ್ತಿದ್ದಂತೆ ಕುರಿ ಕೊಯ್ಯುವ ಖಾದರ್ ಸಾಬರ ಹತ್ತಿರ ಹೋಗುತ್ತಿದ್ದರು. ಖಾದರ್ ಸಾಬರು ಮೂತ್ರಪಿಂಡಕ್ಕೆ ‘ಗುರ್ದಾ’ ಅನ್ನುತ್ತಿದ್ದರು. ಮೊದಮೊದಲು ಎಲ್ಲ ಕೆಲಸ ಮುಗಿದ ಮೇಲೆ ಎಲೆಯಲ್ಲಿ ಕಟ್ಟಿ ಕೊಟ್ಟರಂತೆ. ಹಾಗಲ್ಲ, ಕುರಿಯ ಉಸಿರು ನಿಂತ ಕೂಡಲೆ ಅದೇ ಮೊದಲು ಹೊರಗೆ ಬರಬೇಕು, ರಕ್ತನಾಳ ಉದ್ದಕ್ಕೆ ಬಿಟ್ಟು ಕೊಯ್ಯಬೇಕು, ಯಾಕಂದ್ರೆ ಅಲ್ಲಿಂದಲೇ ತಣ್ಣನೆಯ ಉಪ್ಪುನೀರು ಬಿಟ್ಟು ತೊಳೆಯುವುದು ಎಂದು ಡಾಕ್ಟರು ನೆಲದ ಮೇಲೆ ಚಿತ್ರ ಬರೆದು ತೋರಿಸಿದರು. ಖಾದರ್ ಸಾಬರ ಕೈ ಎಂಥ ಕೈಯೆಂದರೆ ಒಂದು ವಾರದಲ್ಲಿ ಅದನ್ನು ಕಲಿತುಬಿಟ್ಟರು.

ಆದರೆ ಡಾಕ್ಟರು ಹುಟ್ಟಾ ಸಸ್ಯಾಹಾರಿ. ಚೂರಿ ಆಡುವುದನ್ನು ನೋಡಲು ಅವರಿಂದ ಆಗುತ್ತಿರಲಿಲ್ಲ. ಡಬ್ಬಿ ಹಿಡಿದು ಕಣ್ಣು ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿರುತ್ತಿದ್ದರು. ಮುಗಿದ ಮೇಲೆ ಖಾದರ್ ಸಾಬರು, ಆತು ಡಾಕ್ಟರ್ ಸಾಬ್, ಕಣ್ಣು ಬಿಡ್ರಿ ಅನ್ನುತ್ತಿದ್ದರು. ಕಣ್ಣು ಬಿಟ್ಟ ಮೇಲಿನ ಕೆಲಸವೆಲ್ಲ ಡಾಕ್ಟರದು. ಮೂತ್ರಪಿಂಡ ತೊಳೆದು, ಅದು ಬೂದಿ ಬಣ್ಣಕ್ಕೆ ಬಂದ ಮೇಲೆ ಉಪ್ಪುನೀರು ತುಂಬಿದ ಗಾಜಿನ ಜಾಡಿಯಲ್ಲಿ ಮುಳುಗಿಸಿ, ಜಾಡಿಯನ್ನು ಐಸಿನ ಡಬ್ಬಿಯೊಳಗೆ ಕೂರಿಸುತ್ತಿದ್ದರು.

ಅಲ್ಲಿಂದ ಮನೆ. ಡಬ್ಬಿಗೆ ಮನೆಯೊಳಗೆ ಪ್ರವೇಶವಿಲ್ಲ. ಬೀದಿಯ ಕಟ್ಟೆಯ ಮೇಲಿಟ್ಟು, ನಾಯಿ ಮೂಸದಂತೆ ಮುಚ್ಚಳದ ಮೇಲೆ ಕಲ್ಲು ಹೇರಬೇಕು. ಅವರ ತಾಯಿ ಹಿತ್ತಲಲ್ಲಿ ನಿಲ್ಲಿಸಿ ತಲೆಯ ಮೇಲೆ ನೀರು ಹೊಯ್ಯುತ್ತಿದ್ದರು. ಸ್ನಾನ ಆಗಿ, ಲಿಂಗಪೂಜೆ ಆಗಿ, ರೊಟ್ಟಿ ತಿಂದು, ಕಲ್ಲು ಎತ್ತಿಟ್ಟು ಡಬ್ಬಿ ಹಿಡಿದು ಬಸ್ಸಿಗೆ ಹೋಗುತ್ತಿದ್ದರು.

ಓಣಿಯಲ್ಲಿ ಗುಸುಗುಸು ಹುಟ್ಟದೆ ಇರುತ್ತದೆಯೇ? ವಿಭೂತಿ ಹಚ್ಚಿದ ಮನುಷ್ಯ ಬೆಳಗಾದರೆ ಕಟುಕರ ಹತ್ತಿರ ಹೋಗಿ ಡಬ್ಬಿ ತುಂಬಿಸಿಕೊಂಡು ಬರುತ್ತಾನೆ ಅಂದರೆ ಜನಕ್ಕೆ ಒಂದೇ ಅರ್ಥ. ಸಮಾಜದ ಹಿರಿಯರೊಬ್ಬರು ವಿಚಾರಿಸಲು ಮನೆಗೇ ಬಂದರಂತೆ. ಡಾಕ್ಟರು ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಜಾಡಿ ಹೊರತೆಗೆದು, ಮೂತ್ರ ಹೇಗೆ ಹುಟ್ಟುತ್ತದೆ ಅನ್ನುವುದರಿಂದ ಶುರುಮಾಡಿ ಅರ್ಧ ತಾಸು ಪಾಠ ಹೇಳಿದರು. ಹಿರಿಯರು ಆ ದಿನ ಊಟ ಮಾಡಲಿಲ್ಲವಂತೆ. ಆಮೇಲೆ ಯಾರೂ ವಿಚಾರಿಸಲು ಬರಲಿಲ್ಲ.

ಬಸ್ಸಿನಲ್ಲೂ ಅಷ್ಟೇ. ಡಬ್ಬಿಯಲ್ಲಿ ಏನು ಅಂತ ಪಕ್ಕದವರು ಕೇಳಿದರೆ ತಿಂಡಿ ಅನ್ನಬಹುದಿತ್ತು, ಔಷಧಿ ಅನ್ನಬಹುದಿತ್ತು. ಇವರು ಕುರಿಯ ಮೂತ್ರಪಿಂಡ ಅನ್ನುವರು. ಸುಳ್ಳು ಹೇಳಿದರೆ ನೆನಪಿಟ್ಟುಕೊಳ್ಳಬೇಕಲ್ಲ, ಯಾರಿಗೆ ಪುರುಸೊತ್ತಿದೆ ಎಂದು ನನಗೆ ಹೇಳಿದ್ದರು. ಪಕ್ಕದವರು ಎದ್ದು ಹೋಗುತ್ತಿದ್ದರು. ಡಬ್ಬಿಗೂ ಒಂದು ಸೀಟು ಸಿಗುತ್ತಿತ್ತು.

ನಮ್ಮ ಫ್ಯಾಕ್ಟರಿಗೆ ಬಂದು ಕರಗಿದ ನೀರು ಚೆಲ್ಲಿ ಹೊಸ ಐಸ್ ತುಂಬಿಸಿಕೊಂಡು ಕಾಲೇಜಿಗೆ ಹೋಗುತ್ತಿದ್ದರು. ಕಾಲೇಜಿನಲ್ಲಿ ಫ್ರಿಜ್ ಇಲ್ಲವೇ ಅಂತ ಒಮ್ಮೆ ಕೇಳಿದೆ. ಇದೆ, ಆದರೆ ದಾರಿಯಲ್ಲಿ ಫ್ರಿಜ್ ಎಲ್ಲಿರುತ್ತದೆ, ಐಸ್ ಆದರೆ ಎಲ್ಲ ಊರಲ್ಲೂ ಸಿಗುತ್ತದೆ ಅಂದರು.

ಆರು ತಿಂಗಳಾದ ಮೇಲೆ ಒಂದು ದಿನ ನನ್ನನ್ನು ಕಾಲೇಜಿಗೆ ಕರೆದರು. ಒಂದು ಕೋಣೆಯಲ್ಲಿ ಗಾಜಿನ ಬಾಟಲಿ, ರಬ್ಬರ್ ನಳಿಕೆ, ಸಣ್ಣ ಪಂಪು. ಬೆಳಿಗ್ಗೆ ಹರಿಹರದಿಂದ ತಂದ ಮೂತ್ರಪಿಂಡವನ್ನು ಅದಕ್ಕೆ ಜೋಡಿಸಿದ್ದರು. ಹೆಪ್ಪುಗಟ್ಟದಂತೆ ಮಾಡಿದ ಕುರಿಯ ರಕ್ತವನ್ನು ಬೆಚ್ಚಗೆ ಮಾಡಿ ಅದರೊಳಗೆ ಹರಿಯಬಿಟ್ಟರು. ಬೂದಿ ಬಣ್ಣದ್ದು ನೋಡನೋಡುತ್ತಿದ್ದಂತೆ ಕೆಂಪಾಯಿತು. ಕೆಳಗೆ ಮೂತ್ರ ಬರಬೇಕಾದ ಸಣ್ಣ ನಳಿಕೆ. ನಾವು ಐದಾರು ಜನ ಆ ನಳಿಕೆಯ ತುದಿಯನ್ನೇ ನೋಡುತ್ತ ನಿಂತೆವು. ತುಂಬಾ ಹೊತ್ತಿನ ಮೇಲೆ ತುದಿಯಲ್ಲಿ ತಿಳಿಯಾದ ಒಂದು ಹನಿ ಕೂಡಿಕೊಂಡು ಕೆಳಗೆ ಬಿತ್ತು. ಬಂತು ನೋಡ್ರಿ ಎಂದು ಡಾಕ್ಟರು ನನ್ನ ಕೈ ಹಿಡಿದುಕೊಂಡರು. ಮೂತ್ರದ ಹನಿ ಕಂಡು ನನಗೆ ಕಣ್ಣಲ್ಲಿ ನೀರು ಬಂತು ಅಂದರೆ ಈಗಲೂ ಮನೆಯವರು ನಗುತ್ತಾರೆ. ಆ ದಿನ ಎಲ್ಲರಿಗೂ ಅವರದೇ ಖರ್ಚಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ಈ ಹುಚ್ಚು ಅವರಿಗೆ ಎಲ್ಲಿಂದ ಹತ್ತಿತು ಅನ್ನುವುದನ್ನು ಅವರ ಬಾಯಿಂದ ನಾನು ಕೇಳಲಿಲ್ಲ. ಎಲ್ಲದಕ್ಕೂ ಕಾರಣ ಹೇಳುವ ಮನುಷ್ಯ ಇದೊಂದಕ್ಕೆ ಹೇಳಲಿಲ್ಲ. ಒಮ್ಮೆ ಹರಿಹರಕ್ಕೆ ಹೋದಾಗ ಅವರ ತಾಯಿ ಹೇಳಿದರು. ಡಾಕ್ಟರಿಗೆ ಒಬ್ಬಳು ಅಕ್ಕ ಇದ್ದಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಮೈ ಕೈ ಬಾತುಕೊಂಡು ತವರಿಗೆ ಬಂದಳು. ಮೂತ್ರಪಿಂಡ ಎರಡೂ ಕೆಟ್ಟಿದ್ದವು. ಇವರು ಆಗ ಡಾಕ್ಟರಿಕೆ ಓದುತ್ತಿದ್ದರು. ರಜೆಗೆ ಬಂದ ತಮ್ಮನಿಗೆ ಅವಳು, ನಿನ್ನ ಪುಸ್ತಕದಲ್ಲಿ ಏನಾದರೂ ಇದೆಯೇನೋ ನೋಡು ಅಂದಳಂತೆ. ಇವರು ರಜೆಯೆಲ್ಲ ನೋಡಿದರಂತೆ.

“ಏನೂ ಇದ್ದಿಲ್ಲಪ್ಪ. ಅದಕ್ಕೇ ನಾನು ಬಯ್ಯಲ್ಲ. ದಿನಾ ನೀರು ಹೊಯ್ತೀನಿ, ಅಷ್ಟೇ” ಅಂದರು ತಾಯಿ.

ಎರಡನೆಯ ವರ್ಷದ ಬೇಸಿಗೆ. ಮುಂಬಯಿಯಿಂದ ಒಬ್ಬ ದೊಡ್ಡ ಡಾಕ್ಟರು ಪರೀಕ್ಷೆ ತೆಗೆದುಕೊಳ್ಳಲು ಕಾಲೇಜಿಗೆ ಬರುವವರಿದ್ದರು. ಅವರ ಪ್ರಯೋಗಶಾಲೆಯಲ್ಲಿ ನಾಯಿಗಳಿಗೆ ಮೂತ್ರಪಿಂಡ ಕಸಿ ಮಾಡುವ ಕೆಲಸ ನಡೆದಿತ್ತು, ಒಬ್ಬರಿಗೆ ಜಾಗವೂ ಖಾಲಿ ಇತ್ತು. ನಮ್ಮ ಡಾಕ್ಟರು ಅವರಿಗೆ ಕಾಗದ ಬರೆದಿದ್ದರು. ಬಂದಾಗ ನಿಮ್ಮ ಕೆಲಸ ತೋರಿಸಿ, ಇಡೀ ಹಗಲು ಐಸಿನಲ್ಲಿಟ್ಟ ಮೂತ್ರಪಿಂಡ ಹನಿ ಹಾಕಿದರೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ ಎಂದು ಉತ್ತರ ಬಂತು. ಆ ಕಾಗದವನ್ನು ನನಗೆ ಎರಡು ಸಲ ಓದಿ ಹೇಳಿದರು. ನಾನು ಅವರ ಮುಖದಲ್ಲಿ ಅಂಥ ಸಂತೋಷ ನೋಡಿರಲಿಲ್ಲ.

ಮುಂಬಯಿಯವರು ಕೆಲಸ ನೋಡುವ ದಿನ ಬೆಳಿಗ್ಗೆ ಎಂಟೂವರೆಗೆ ಡಬ್ಬಿ ತಂದರು. ಸಂಜೆ ಐದರವರೆಗೆ ಪರೀಕ್ಷೆಯ ಕೋಣೆ ಬಿಟ್ಟು ಅವರು ಅಲ್ಲಾಡುವಂತಿರಲಿಲ್ಲ. ಡಬ್ಬಿಯನ್ನು ನನ್ನ ಮೇಜಿನ ಪಕ್ಕ ಇಟ್ಟು, ಮಧ್ಯಾಹ್ನ ನೀರು ಚೆಲ್ಲಿ ಹೊಸ ಐಸ್ ಹಾಕಿ, ಮತ್ತೇನೂ ಮಾಡಬೇಡಿ ಎಂದು ಓಡಿದರು. ‘ಯಾಕಂದ್ರೆ’ ಅನ್ನಲಿಲ್ಲ. ಹೊತ್ತಾಗಿತ್ತು.

ಮಧ್ಯಾಹ್ನದ ಬಿಸಿಲಿಗೆ ನಮ್ಮ ತಗಡಿನ ಶೆಡ್ಡು ಕಾದ ಹಂಚಾಗಿತ್ತು. ಹನ್ನೆರಡಕ್ಕೆ ಹೊಸ ಐಸ್ ಹಾಕಿದೆ. ಒಂದಕ್ಕೆ ನೋಡಿದರೆ ಆಗಲೇ ಅಂಚು ಕರಗಿತ್ತು. ಸಂಜೆಯವರೆಗೆ ಇದು ತಡೆಯುವುದಿಲ್ಲ ಅನ್ನಿಸಿತು. ನಾನು ಹತ್ತು ವರ್ಷ ಐಸ್ ಮಾಡಿದವನು. ನಮ್ಮ ಫ್ಯಾಕ್ಟರಿಯಲ್ಲಿ ನೀರು ತುಂಬಿದ ಡಬ್ಬಗಳನ್ನು ಮುಳುಗಿಸುವುದು ಉಪ್ಪುನೀರಿನ ತೊಟ್ಟಿಯಲ್ಲಿ. ಉಪ್ಪು ಬಿದ್ದರೆ ತಂಪು ಎಷ್ಟು ಏರುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಐಸ್ ಕ್ರೀಮ್ ಮಾಡುವವರೂ ಐಸಿಗೆ ಉಪ್ಪು ಬೆರೆಸಿಯೇ ಹಾಲು ಗಟ್ಟಿ ಮಾಡುವುದು. ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರಲ್ಲ ಎಂದು ಯೋಚಿಸಿ ಅರ್ಧ ಸೇರು ಹರಳುಪ್ಪನ್ನು ಐಸಿನ ಮೇಲೆ ಸುರಿದು ಮುಚ್ಚಿದೆ. ಅಷ್ಟಕ್ಕೇ ಬಿಡಲಿಲ್ಲ. ಮೂರು ಗಂಟೆಗೆ ಐಸ್ ತುಂಬಿ ಮತ್ತೊಂದು ಅರ್ಧ ಸೇರು ಸುರಿದೆ. ಡಬ್ಬಿಯ ಹೊರಗೆಲ್ಲ ಮಂಜಿನ ಬಿಳಿಯ ಪುಡಿ ಕಟ್ಟಿತು. ನಾನು ಅದನ್ನು ನೋಡಿ ಹಿಗ್ಗಿದೆ. ಡಾಕ್ಟರು ಬಂದ ಮೇಲೆ ಹೇಳಿ ಶಭಾಷ್ ಅನ್ನಿಸಿಕೊಳ್ಳೋಣ ಅಂತ ಇದ್ದೆ.

ಸಂಜೆ ಅವರ ಕೋಣೆಗೆ ನಾನೇ ಡಬ್ಬಿ ಹೊತ್ತುಕೊಂಡು ಹೋದೆ. ಮುಂಬಯಿಯ ಡಾಕ್ಟರು ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಡಾಕ್ಟರು ಜಾಡಿ ಎತ್ತಿದರು. ಒಳಗಿನ ನೀರು ಕಲ್ಲಾಗಿತ್ತು. ಮೂತ್ರಪಿಂಡ ಅದರೊಳಗೆ ಹುದುಗಿಹೋಗಿತ್ತು. ಅವರು ಡಬ್ಬಿಯ ತಳದ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ನನ್ನ ಕಡೆ ಒಂದು ಸಲ ನೋಡಿದರು. ಅಷ್ಟು ಹೊತ್ತಿಗೂ ನನಗೆ ಏನಾಗಿದೆ ಅಂತ ಅರ್ಥವಾಗಿರಲಿಲ್ಲ, ಅವರ ಮುಖ ನೋಡಿದ ಮೇಲೆ ಉಪ್ಪಿನದೇ ತಪ್ಪು ಅಂತ ಹೊಳೆಯಿತು.

ಆದರೂ ಅವರು ಅದನ್ನು ನಿಧಾನವಾಗಿ ಕರಗಿಸಿ ನಳಿಕೆಗೆ ಜೋಡಿಸಿದರು. ರಕ್ತ ಹರಿದ ಕೂಡಲೆ ಅದು ಉಬ್ಬಿ, ನೀಲಿಗಟ್ಟಿ, ಮೈಯೆಲ್ಲ ಜಿನುಗತೊಡಗಿತು. ಕೆಳಗಿನ ನಳಿಕೆಯಿಂದ ಬಂದದ್ದು ರಕ್ತ. ಮುಂಬಯಿಯವರು ಎದ್ದರು. ಕಷ್ಟದ ಕೆಲಸ ಎಂದು ಬೆನ್ನು ತಟ್ಟಿದರು. ತಂಪು ಮಾಡುವುದರಲ್ಲಿ ತಮ್ಮಿಂದಲೇ ತಪ್ಪಾಯಿತು ಎಂದು ನಮ್ಮ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ನನ್ನ ಹೆಸರು ಬರಲಿಲ್ಲ.

ಮುಂಬಯಿಯವರು ಹೋದ ಮೇಲೆ ನಾನು ಎಲ್ಲ ಒಪ್ಪಿಸಿದೆ. ಬಯ್ಯಲಿ ಅಂತ ಕಾದೆ. ಡಾಕ್ಟರು ಪುಸ್ತಕ ತೆಗೆದು, ಉಪ್ಪು ಎಷ್ಟು, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡರು. ಎರಡನೆಯ ಸಲದ್ದನ್ನೂ ಬರೆದುಕೊಂಡರು. ಬಯ್ಯಬಾರದೇನ್ರಿ ಅಂತ ನಾನೇ ಕೇಳಿದೆ.

“ಹೆಂಗ್ ಬಯ್ಯಲಿ? ನೀರು ಗಟ್ಟಿಯಾದ್ರೆ ಉಬ್ತದೆ, ಒಳಗಿನ ಸಣ್ಣ ಸಣ್ಣ ಗೋಡೆ ಎಲ್ಲ ಒಡೀತದೆ. ತಣ್ಣಗಿರಬೇಕು, ಐಸ್ ಆಗಬಾರ್ದು. ಬಸ್ಸಿನಾಗೆ ಪಕ್ಕ ಕೂತೋರಿಗೆ ಹೇಳೀನಿ ಇದನ್ನ. ನಿಮಗೆ ಹೇಳ್ಲಿಲ್ಲ. ಐಸ್‌ನೋರಲ್ವಾ, ಗೊತ್ತಿರ್ತದೆ ಅಂದ್ಕೊಂಡೆ.”

ಮುಂಬಯಿಗೆ ನಾನೊಂದು ಕಾಗದ ಬರೆಸಿದೆ, ತಪ್ಪು ನನ್ನದು, ಡಾಕ್ಟರದ್ದಲ್ಲ ಅಂತ. ಜಾಗ ತುಂಬಿದೆ ಎಂದು ಒಂದು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ಡಾಕ್ಟರಿಗೆ ಅಂಥ ಅವಕಾಶ ಮತ್ತೆ ಬರಲಿಲ್ಲ. ಇಲ್ಲೇ ಉಳಿದರು, ಇಲ್ಲೇ ಪಾಠ ಹೇಳಿದರು, ಇಲ್ಲೇ ಮುದುಕರಾದರು. ಈಗ ಇಂಥ ಡಬ್ಬಿ ಹೊತ್ತ ಗಾಡಿಗೆ ಪೊಲೀಸರು ದಾರಿ ಬಿಡಿಸಿಕೊಡುವ ಫೋಟೋ ಪೇಪರಿನಲ್ಲಿ ಬರುತ್ತದೆ. ನಾನು ಅದನ್ನು ಪೂರ್ತಿ ಓದುವುದಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನನ್ನ ಕಥೆಯಾಗುತ್ತದೆ, ಅವರದಾಗುವುದಿಲ್ಲ. ಆ ಸಂಜೆಯಾದ ಮೇಲೆ ನಾನು ಜ್ವರ ಅಂತ ಹೇಳಿ ಮೂರು ದಿನ ಫ್ಯಾಕ್ಟರಿಗೆ ಹೋಗಲಿಲ್ಲ. ಜ್ವರವೇನೂ ಇರಲಿಲ್ಲ. ಅವರು ಐಸಿಗೆ ಬಂದರೆ ಮುಖ ಹೇಗೆ ತೋರಿಸುವುದು ಅನ್ನುವ ಅಳುಕು. ನಾಲ್ಕನೆಯ ದಿನ ಬೆಳಿಗ್ಗೆ ಎಂಟೂವರೆಗೆ ಡಾಕ್ಟರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಡಬ್ಬಿ ಇತ್ತು. ಮುಂಬಯಿಯವರದು ಮುಗಿಯಿತು, ಬೇರೆ ವಿಷಯಗಳ ಪರೀಕ್ಷೆ ಇನ್ನೂ ಎರಡು ದಿನ ಇದೆ, ಸಂಜೆಯವರೆಗೆ ಇದನ್ನು ನೋಡಿಕೊಳ್ಳಬೇಕು ಅಂದರು.

ಬೇರೆ ಯಾರ ಹತ್ತಿರವಾದರೂ ಕೊಡಿ, ನನ್ನ ಕೈಗೆ ಬೇಡ ಅಂದೆ.

“ಬ್ಯಾರೆಯವರಿಗೆ ಗೊತ್ತಿಲ್ಲ. ನಿಮಗೆ ಈಗ ಗೊತ್ತೈತೆ” ಅಂದರು ಡಾಕ್ಟರು. ಡಬ್ಬಿಯನ್ನು ನನ್ನ ಕೈಗೇ ಕೊಟ್ಟು ಹೋದರು.

ಡಬ್ಬಿ ಹಿಡಿದು ಫ್ಯಾಕ್ಟರಿಗೆ ಹೋದ ನಾನು ಆ ದಿನ ಊಟಕ್ಕೂ ಏಳಲಿಲ್ಲ. ಪ್ರತಿ ಅರ್ಧ ತಾಸಿಗೆ ನೀರು ಚೆಲ್ಲಿ ಐಸ್ ಹಾಕಿದೆ, ಜಾಡಿ ಎತ್ತಿ ಒಳಗಿನ ನೀರು ಅಲುಗುತ್ತಿದೆಯೇ ಅಂತ ನೋಡಿದೆ. ಸಂಜೆ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಡಾಕ್ಟರು ಜೋಡಿಸಿದರು, ರಕ್ತ ಬಿಟ್ಟರು. ಮೂತ್ರಪಿಂಡ ಕೆಂಪಾಯಿತು. ನಳಿಕೆಯ ತುದಿಯಲ್ಲಿ ಹನಿ ಕೂಡಿತು, ಬಿತ್ತು. ಹಿಂದೆಯೇ ಇನ್ನೊಂದು ಬಿತ್ತು. ಹತ್ತು ತಾಸಿಗೂ ಮಿಕ್ಕಿ ಐಸಿನಲ್ಲಿದ್ದು ಬದುಕಿದ್ದು ಅದೇ ಮೊದಲು. ಅದನ್ನು ನೋಡಬೇಕಾಗಿದ್ದ ಮನುಷ್ಯ ಮುಂಬಯಿ ಮುಟ್ಟಿ ಎರಡು ದಿನವಾಗಿತ್ತು.

ನನಗೆ ತಡೆಯಲಾಗಲಿಲ್ಲ. ಈ ಹನಿ ಅವತ್ತೇ ಬಿದ್ದಿದ್ದರೆ ನೀವು ಮುಂಬಯಿಗೆ ಹೋಗುತ್ತಿದ್ದಿರಿ ಅಂದೆ. ಹಾಗೇನಿಲ್ಲ ಬಿಡಿ ಅನ್ನುತ್ತಾರೆ ಅಂತ ಎಲ್ಲೋ ಒಂದು ಆಸೆ ಇತ್ತು.

“ಹೋಗ್ತಿದ್ದೆ” ಅಂದರು ಡಾಕ್ಟರು.

ಹನಿಯ ಲೆಕ್ಕವನ್ನು ಅವರು ಯಾವತ್ತೂ ಇನ್ನೊಬ್ಬರ ಕೈಗೆ ಬಿಟ್ಟವರಲ್ಲ, ಕಾಲೇಜಿನವರಿಗೂ ಬಿಟ್ಟವರಲ್ಲ. ಆ ಸಂಜೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಹಾಕಿಕೊಂಡು ನೋಡಿದರು, ಮತ್ತೆ ತೆಗೆದರು. ಪುಸ್ತಕ ಮತ್ತು ಪೆನ್ಸಿಲನ್ನು ನನ್ನ ಕಡೆ ಸರಿಸಿದರು.

“ಹನಿ ನೀವು ಎಣಿಸ್ರಿ. ನನಗೆ ಸರಿಯಾಗಿ ಕಾಣ್ತಿಲ್ಲ.”

ನಾನು ಎಣಿಸಿದೆ.